ಒಂದು ಕಣಿವೆ, ಮೂರು ರಾಜಧಾನಿ: ನಾನು ಕಠ್ಮಂಡು ನೋಡಿದ ಬಗೆ

ನಮ್ಮ ಕಡೆಯಿಂದ ಕಠ್ಮಂಡುವಿಗೆ ಹೋದವರು ಪಶುಪತಿನಾಥ, ಬೌದ್ಧನಾಥ, ಸ್ವಯಂಭೂನಾಥ ಮೂರನ್ನೂ ಒಂದೇ ದಿನ ಕಾರಿನಲ್ಲಿ ಸುತ್ತಿ, ಮರುದಿನವೇ ಪೋಖರಾಕ್ಕೋ ಮುಕ್ತಿನಾಥಕ್ಕೋ ಹೊರಟುಬಿಡುತ್ತಾರೆ. ನನಗೆ ಊರು ನೋಡಬೇಕಿತ್ತು. ಹಾಗಾಗಿ ಪ್ಯಾಕೇಜ್ ಟೂರ್ ಬೇಡ ಅಂದೆ.

ಈ ಕಣಿವೆಯಲ್ಲಿ ಇದ್ದದ್ದು ಒಂದು ರಾಜಧಾನಿ ಅಲ್ಲ, ಮೂರು. 1482ರಲ್ಲಿ ರಾಜ ಯಕ್ಷ ಮಲ್ಲ ತೀರಿಕೊಂಡ ಮೇಲೆ ರಾಜ್ಯ ಒಡೆಯಿತು. ಕಠ್ಮಂಡು, ಪಾಟನ್, ಭಕ್ತಪುರ ಬೇರೆ ಬೇರೆ ಆದವು. ರಾಜರೆಲ್ಲ ದಾಯಾದಿಗಳು. ಒಬ್ಬ ಗುಡಿ ಕಟ್ಟಿಸಿದರೆ ಇನ್ನೊಬ್ಬ ಸುಮ್ನೆ ಕೂರುತ್ತಾನಾ? ಗೋರ್ಖಾದ ಪೃಥ್ವಿ ನಾರಾಯಣ ಶಾಹ 1768-69ರಲ್ಲಿ ಮೂರನ್ನೂ ಗೆಲ್ಲುವವರೆಗೆ ಈ ಪೈಪೋಟಿ ನಡೆದೇ ಇತ್ತು. ಮೂರು ದರ್ಬಾರ್ ಚೌಕಗಳಿಗೂ, ಅಂದರೆ ಅರಮನೆ ಮುಂದಿನ ಬಯಲುಗಳಿಗೂ, ಒಂದೊಂದು ದಿನ ಇಟ್ಟುಕೊಂಡೆ. ಒಂದೇ ದಿನಕ್ಕೆ ತುರುಕಿದರೆ ಎಲ್ಲ ಗುಡಿಗಳೂ ಒಂದೇ ಥರ ಕಾಣುತ್ತವೆ.

ಕಠ್ಮಂಡುವನ್ನು ಬೆಳಗ್ಗೆ ಬೇಗ, ಅಸನ್ ಪೇಟೆಯಿಂದ ಶುರು ಮಾಡಿದೆ. ಆರು ದಾರಿ ಕೂಡುವ ಜಾಗ ಅದು. ಟಿಬೆಟ್ ವ್ಯಾಪಾರದ ಹಳೆಯ ದಾರಿ ಇಲ್ಲಿಂದ ಊರನ್ನು ಓರೆಯಾಗಿ ಸೀಳಿಕೊಂಡು ಹನುಮಾನ್ ಢೋಕಾ ಅರಮನೆ ಕಡೆ ಹೋಗುತ್ತದೆ. ಅದನ್ನೇ ಹಿಡಿದು ನಡೆದರೆ ಮ್ಯಾಪೇ ಬೇಡ. ನಾನು ಸ್ವಲ್ಪ ಪಕ್ಕಕ್ಕೆ ಸರಿದು ಬಾಂಗೆಮುಢಾಕ್ಕೆ ಹೋದೆ. ಅಲ್ಲಿ ಬೀದಿ ಬದಿಯಲ್ಲಿ ಒಂದು ಮರದ ದಿಮ್ಮಿ ಇದೆ. ಹಲ್ಲುನೋವಿನ ದೇವರು! ನೋವಿರುವವರು ನಾಣ್ಯ ಇಟ್ಟು ಮೊಳೆ ಹೊಡೆಯುತ್ತಾರೆ. ನಾಣ್ಯದ ಮೇಲೆ ನಾಣ್ಯ, ಮೊಳೆಯ ಮೇಲೆ ಮೊಳೆ, ತುಕ್ಕು ಹಿಡಿದು ಮರವೇ ಕಾಣದಷ್ಟು. ಸುತ್ತಮುತ್ತ ಹಲ್ಲಿನ ಡಾಕ್ಟರ ಬೋರ್ಡುಗಳು. ದೇವರಿಗೂ ಡಾಕ್ಟರಿಗೂ ಜಗಳ ಇದ್ದಂತಿಲ್ಲ.

ದರ್ಬಾರ್ ಚೌಕದಲ್ಲಿ 2015ರ ಭೂಕಂಪಕ್ಕೆ ಕುಸಿದ ಕಾಷ್ಠಮಂಡಪವನ್ನು ಮತ್ತೆ ಮರದಲ್ಲೇ ಕಟ್ಟಿ ನಿಲ್ಲಿಸಿದ್ದಾರೆ. ಅದಕ್ಕೆ ಸಮಯ ಕೊಡಿ. ಥಮೇಲ್‌ನ ಅಂಗಡಿ ಸಾಲಿಗೆ ಒಂದು ಸಂಜೆಯೂ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಮೂರರಲ್ಲಿ ನನಗೆ ಇಷ್ಟವಾದದ್ದು ಪಾಟನ್. ಅಲ್ಲಿನ ಕೃಷ್ಣ ಮಂದಿರವನ್ನು 1637ರಲ್ಲಿ ಸಿದ್ಧಿ ನರಸಿಂಹ ಮಲ್ಲ ಕಟ್ಟಿಸಿದ. ಸುತ್ತಲಿನ ಗುಡಿಗಳೆಲ್ಲ ಹೆಚ್ಚಾಗಿ ಇಟ್ಟಿಗೆ, ಮರ. ಇದು ಮಾತ್ರ ಪೂರ್ತಿ ಕಲ್ಲು. ಮೊದಲ ಮಹಡಿಯ ಸುತ್ತ ಮಹಾಭಾರತ, ಅದರ ಮೇಲಿನದರಲ್ಲಿ ರಾಮಾಯಣ ಕೆತ್ತಿದ್ದಾರೆ. ಹಳೇಬೀಡಿನ ಗೋಡೆ ನೋಡಿದವರಿಗೆ ಕಥೆ ಗುರುತು ಹಿಡಿಯುವುದು ಕಷ್ಟವಲ್ಲ. ಚೌಕದ ಒಂದು ಕೊನೆಯಲ್ಲಿ ನೆಲಮಟ್ಟದಿಂದ ಕೆಳಗೆ ಮಂಗ ಹಿಟಿ ಅನ್ನುವ ನೀರಿನ ತಾಣ ಇದೆ. 6ನೇ ಶತಮಾನದಷ್ಟು ಹಳೆಯದು. ಕಲ್ಲಿನ ಮೊಸಳೆಬಾಯಿಗಳಿಂದ ಈಗಲೂ ನೀರು ಬರುತ್ತದೆ. ಹೆಂಗಸರು ಪ್ಲಾಸ್ಟಿಕ್ ಕ್ಯಾನು ಸಾಲಾಗಿಟ್ಟು ಕಾಯುತ್ತಿದ್ದರು. ಹತ್ತಿರದಲ್ಲೇ ಬಾರಾ ತಿಂದೆ. ಉದ್ದು ರುಬ್ಬಿ ಕಾವಲಿ ಮೇಲೆ ಹುಯ್ದದ್ದು, ನಮ್ಮ ಉದ್ದಿನ ವಡೆಯ ಚಪ್ಪಟೆ ತಮ್ಮ.

ಭಕ್ತಪುರ ಕಠ್ಮಂಡುವಿನಿಂದ ಸುಮಾರು 13 ಕಿಲೋಮೀಟರ್. ಲೋಕಲ್ ಬಸ್ಸಿದೆ. ಭೂಪತೀಂದ್ರ ಮಲ್ಲ 1702ರಲ್ಲಿ ಕಟ್ಟಿಸಿದ ಐದು ಸೂರಿನ ನ್ಯಾತಪೋಲ ಗುಡಿ 2015ರ ಭೂಕಂಪದಲ್ಲೂ ನಿಂತೇ ಇತ್ತು. ಮೆಟ್ಟಿಲಿನ ಇಕ್ಕೆಲದಲ್ಲಿ ಕೆಳಗಿನಿಂದ ಜಟ್ಟಿಗಳು, ಆನೆ, ಸಿಂಹ ಹೀಗೆ ಜೋಡಿ ವಿಗ್ರಹಗಳಿವೆ. ಒಂದೊಂದು ಜೋಡಿಗೂ ಕೆಳಗಿನದಕ್ಕಿಂತ ಹತ್ತು ಪಟ್ಟು ಬಲವಂತೆ. ಹತ್ತಿ ಮೇಲೆ ಹೋದರೆ ಬಾಗಿಲು ಮುಚ್ಚಿರುತ್ತದೆ, ಒಳಗೆ ಪೂಜಾರಿಗಳಿಗೆ ಮಾತ್ರ ಪ್ರವೇಶ. ಕೆಳಗಿಳಿದು ಮಣ್ಣಿನ ಬಟ್ಟಲಿನ ಜುಜು ಧೌ ತಿನ್ನಿ. ಎಮ್ಮೆ ಹಾಲಿನ ಗಟ್ಟಿ ಸಿಹಿ ಮೊಸರು.

ಮೂರೂ ಅರಮನೆಗಳಲ್ಲಿ ಮಲ್ಲರ ಕುಲದೇವಿ ತಲೇಜುವಿನ ಗುಡಿ ಇದೆ. ಈ ದೇವಿಯನ್ನು ಕಣಿವೆಗೆ ತಂದದ್ದು ಮಿಥಿಲೆಯ ಹರಿಸಿಂಹದೇವನ ಮನೆತನ ಅಂತ ಅಲ್ಲಿಯವರು ನಂಬುತ್ತಾರೆ. ಆ ವಂಶದ ಹೆಸರು ಕರ್ಣಾಟ! 1097ರಲ್ಲಿ ಅದನ್ನು ಶುರುಮಾಡಿದ ನಾನ್ಯದೇವನ ಮೂಲ ನಮ್ಮ ಕಡೆಯದು. ಇದನ್ನು ಗೈಡ್ ಯಾರೂ ನನಗೆ ಹೇಳಲಿಲ್ಲ.

ಪಶುಪತಿನಾಥದ ನಂಟು ಮಾತ್ರ ಎಲ್ಲರಿಗೂ ಗೊತ್ತು. ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಹಿಂದಿನಿಂದಲೂ ದಕ್ಷಿಣದವರು, ಹೆಚ್ಚಾಗಿ ಕರ್ನಾಟಕದವರು. ಸಾಲಿನಲ್ಲಿ ನನ್ನ ಸರದಿ ಬಂದಾಗ ಕನ್ನಡದಲ್ಲಿ ನಮಸ್ಕಾರ ಅಂದೆ. "ಯಾವೂರು ನಿಮ್ಮದು?" ಅಂತ ತಕ್ಷಣ ಕೇಳಿದರು. ಅಷ್ಟರಲ್ಲಿ ಹಿಂದಿನವರು ತಳ್ಳಿದರು. ಬೆಲ್ಟು, ಪರ್ಸು ಸೇರಿ ಚರ್ಮದ ಸಾಮಾನನ್ನು ರೂಮಿನಲ್ಲೇ ಬಿಟ್ಟು ಹೋಗಿ.

ನಮಗೆ ವೀಸಾ ಬೇಡ, ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಸಾಕು. ಚೌಕಗಳ ಟಿಕೆಟ್ ಕೌಂಟರಿನಲ್ಲೂ ಅದನ್ನು ತೋರಿಸಿ, ಸಾರ್ಕ್ ದೇಶದವರಿಗೆ ದರ ಕಡಿಮೆ. ನಮ್ಮ ರೂಪಾಯಿಗೆ ಅಲ್ಲಿ 1.60 ರೂಪಾಯಿ. ಬೆಲೆ ಕೇಳುವಾಗ ಐಸಿಯೋ ಎನ್‌ಸಿಯೋ, ಅಂದರೆ ನಮ್ಮ ದುಡ್ಡೋ ಅವರದೋ, ಅಂತ ಮೊದಲೇ ಕೇಳಿಕೊಳ್ಳಿ. ನಾನು ನೂರರ ನೋಟುಗಳನ್ನೇ ಜಾಸ್ತಿ ಒಯ್ದಿದ್ದೆ, ಎಲ್ಲೂ ತಕರಾರು ಬರಲಿಲ್ಲ. ಇನ್ನೊಂದು, ಅಲ್ಲಿ ವಾರದ ರಜೆ ಶನಿವಾರ. ಅವತ್ತು ಪಶುಪತಿನಾಥಕ್ಕೆ ಹೋಗಬೇಡಿ, ಸಾಲು ಕರಗುವುದೇ ಇಲ್ಲ.