ಹಾಜರಿ ಪುಸ್ತಕವೇ ಇಲ್ಲದ ಕಡೆ ಸಂಬಳದ ಲೆಕ್ಕ ಹಾಕಿದ್ದು

ಲಾಸ್ ಏಂಜಲೀಸ್‌ನಲ್ಲಿ ಕಾರ್ಮಿಕರ ಪರ ವಕೀಲರೊಬ್ಬರ ಕಚೇರಿಯಲ್ಲಿ ಕೇಸಿನ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಹೋಟೆಲು, ಗೋದಾಮು, ಕಾರ್ ವಾಶ್, ಹೀಗೆ ಸಂಬಳ ಬಾಕಿಯ ಕೇಸುಗಳೇ ಜಾಸ್ತಿ. ಸ್ಟ್ರಿಪ್ ಕ್ಲಬ್ಬಿನ ಡ್ಯಾನ್ಸರ್‌ಗಳದ್ದು ಮಾತ್ರ ಬೇರೆಯೇ ಕಥೆ. ಅಲ್ಲಿ ಸಂಬಳವೇ ಇಲ್ಲ. ಕೆಲಸ ಮಾಡೋಕೆ ಇವರೇ ದುಡ್ಡು ಕಟ್ಟಬೇಕು!

ಒಳಗೆ ಕಾಲಿಟ್ಟರೆ ಹೌಸ್ ಫೀ. ಹೊರಡುವಾಗ ಡಿಜೆಗೆ, ಬೌನ್ಸರ್‌ಗೆ ಪಾಲು. ತಡವಾದರೆ ದಂಡ. ಕೇಳಿದರೆ ‘ನೀವು ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು’ ಅನ್ನುತ್ತಾರೆ. ಆದರೆ ಎಷ್ಟು ಹೊತ್ತಿಗೆ ಬರಬೇಕು, ಯಾವಾಗ ಸ್ಟೇಜ್ ಹತ್ತಬೇಕು, ಒಂದು ಡ್ಯಾನ್ಸಿಗೆ ಎಷ್ಟು ರೇಟು, ಎಲ್ಲ ಮ್ಯಾನೇಜರ್ ಹೇಳಿದಂತೆ. ಇದ್ಯಾವ ಸೀಮೆ ಗುತ್ತಿಗೆ?

2018ರಲ್ಲಿ ಡೈನಾಮೆಕ್ಸ್ ಅನ್ನುವ ಕಂಪನಿಯ ಕೇಸಿನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಇಲ್ಲಿ ಈ ವಾದ ನಿಲ್ಲುವುದು ಕಷ್ಟ. ಗುತ್ತಿಗೆದಾರರು ಅಂತ ಸಾಬೀತು ಮಾಡಬೇಕಾದವನು ಮಾಲೀಕ. ಆ ಕೆಲಸ ಅವನ ಮಾಮೂಲಿ ವ್ಯವಹಾರದ ಹೊರಗಿನದು ಅಂತಲೂ ಅವನೇ ತೋರಿಸಬೇಕು. ಡ್ಯಾನ್ಸ್ ತೋರಿಸಿ ಗಿರಾಕಿ ಕರೆಯುವ ಕ್ಲಬ್ಬು ಹಾಗಂದರೆ ಯಾರು ನಂಬುತ್ತಾರೆ?

ಹಾಗಾಗಿ ನನ್ನ ನಿಜವಾದ ಕೆಲಸ ಗಂಟೆಗಳನ್ನು ಹುಡುಕುವುದಾಯಿತು. ಹಾಜರಿ ಪುಸ್ತಕ ಇಲ್ಲ, ಪೇ ಸ್ಲಿಪ್ ಇಲ್ಲ. ಕ್ಲಬ್ಬಿನ ಪಟ್ಟಿಯಲ್ಲಿ ಇದ್ದದ್ದು ಬರೀ ಸ್ಟೇಜ್ ಹೆಸರು. ಆದ್ದರಿಂದ ಮೊದಲು ಯಾವ ಹೆಸರು ಯಾರದ್ದು, ಯಾವ ತಿಂಗಳಿಂದ ಅಂತ ಹೊಂದಿಸಿದೆ. ಆಮೇಲೆ ಊಬರ್ ರಸೀದಿ ತೆಗೆಸಿದೆ. ಇಲ್ಲಿ ರಾತ್ರಿ ಎರಡಕ್ಕೆ ಮದ್ಯ ಮಾರಾಟ ನಿಲ್ಲಿಸಬೇಕು. ವಾಪಸ್ ಹೋಗುವ ಗಾಡಿ ಎರಡೂವರೆ ಹೊತ್ತಿಗೆ ಹತ್ತಿದ್ದು ಸಾಲಾಗಿ ಕಂಡಿತು. ಒಬ್ಬಾಕೆಯ ಫೋನಿನ ನೋಟ್ಸ್‌ನಲ್ಲಿ ತಾರೀಖಿನ ಸಮೇತ ‘ಹೌಸ್ 80, ಡಿಜೆ 20, ಡೋರ್ 20’ ಅಂತ ಡಾಲರ್ ಲೆಕ್ಕ ಇತ್ತು; ಡೋರ್ ಅಂದರೆ ಬೌನ್ಸರ್ ಪಾಲು. ಕೇಸಿಗೆ ಅಂತ ಬರೆದಿದ್ದಲ್ಲ, ಆ ರಾತ್ರಿ ಎಷ್ಟು ಉಳಿಯಿತು ಅಂತ ತಿಳಿಯೋಕೆ ಬರೆದುಕೊಂಡದ್ದು. ಅದಕ್ಕೇ ಅದಕ್ಕೆ ಅಷ್ಟು ತೂಕ ಬಂತು.

ದಾಖಲೆ ಸಿಗದ ದಿನಗಳಿಗೆ ಅಂದಾಜು ಹಾಕಿದೆ. ಇದು ಸುಮ್ನೆ ಊಹೆ ಅಲ್ಲ. ಮಾಲೀಕ ದಾಖಲೆ ಇಡದಿದ್ದರೆ ಕೆಲಸಗಾರರ ನ್ಯಾಯವಾದ ಅಂದಾಜು ನಡೆಯುತ್ತದೆ, ತಪ್ಪು ಅಂತ ತೋರಿಸುವ ಹೊಣೆ ಮಾಲೀಕನದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1946ರಲ್ಲೇ ಹೇಳಿದೆ, ಒಂದು ಮಡಕೆ ಕಾರ್ಖಾನೆಯ ಕೇಸಿನಲ್ಲಿ.

ಇನ್ನೊಂದು ಪ್ರಶ್ನೆ ಎಲ್ಲರಿಗೂ ಕೇಳುತ್ತಿದ್ದೆ: ಗಿರಾಕಿ ದುಡ್ಡು ಯಾರ ಕೈಗೆ ಕೊಟ್ಟ? ಕ್ಯಾಲಿಫೋರ್ನಿಯಾ ಕಾರ್ಮಿಕ ಕಾನೂನಿನ 350ನೇ ಸೆಕ್ಷನ್ ಪ್ರಕಾರ ಡ್ಯಾನ್ಸರ್ ಕೈಗೇ ಕೊಟ್ಟದ್ದು ಟಿಪ್. ಮಾಲೀಕ ಅದನ್ನು ಮುಟ್ಟುವ ಹಾಗಿಲ್ಲ. ಕೌಂಟರ್‌ನಲ್ಲಿ ಕಟ್ಟಿಸಿಕೊಂಡರೆ ವಾದ ಬೇರೆ ದಾರಿ ಹಿಡಿಯುತ್ತದೆ.

ಎಲ್ಲ ಡ್ಯಾನ್ಸರ್‌ಗಳಿಗೂ ನೌಕರರಾಗುವ ಆಸೆ ಇರಲಿಲ್ಲ. ಅವರ ಅನುಮಾನದಲ್ಲಿ ಹುರುಳಿದೆ. ಡೈನಾಮೆಕ್ಸ್ ತೀರ್ಪಿನ ನಂತರ ಕೆಲವು ಕ್ಲಬ್ಬುಗಳು ಒಂದು ಕೈಲಿ ಕನಿಷ್ಠ ಸಂಬಳ ಕೊಟ್ಟು ಇನ್ನೊಂದು ಕೈಲಿ ಡ್ಯಾನ್ಸಿನ ದುಡ್ಡಿನಲ್ಲಿ ದೊಡ್ಡ ಪಾಲು ಕಿತ್ತುಕೊಂಡವು. ಇದಕ್ಕೆ ಕೇಸಿಗಿಂತ ಯೂನಿಯನ್ನೇ ಮದ್ದು ಅನ್ನಿಸುತ್ತದೆ ನನಗೆ. ನಾರ್ತ್ ಹಾಲಿವುಡ್‌ನ ಸ್ಟಾರ್ ಗಾರ್ಡನ್ ಕ್ಲಬ್ಬಿನ ಡ್ಯಾನ್ಸರ್‌ಗಳು 2022ರಲ್ಲಿ ಬೀದಿಗಿಳಿದು, ಮರುವರ್ಷ ನಾಟಕ ಕಲಾವಿದರ ಆ್ಯಕ್ಟರ್ಸ್ ಇಕ್ವಿಟಿ ಯೂನಿಯನ್ ಸೇರಿದರು.

ಬಾಕಿ ಎಷ್ಟು ಸಿಗುತ್ತೆ ಅಂತ ಕೇಳುವ ಮೊದಲು ಬಹಳ ಜನ ಕೇಳಿದ್ದು, ‘ಮನೇಲಿ ಗೊತ್ತಾಗುತ್ತಾ?’ ಅಂತ. ಈಗ ಮೊದಲ ಭೇಟಿಯಲ್ಲೇ ಬರೆದುಕೊಳ್ಳುತ್ತೇನೆ: ಎಷ್ಟು ಹೊತ್ತಿಗೆ ಫೋನ್ ಮಾಡಬಹುದು, ಪತ್ರ ಯಾವ ವಿಳಾಸಕ್ಕೆ, ವಾಯ್ಸ್ ಮೆಸೇಜ್ ಬಿಡಬಹುದಾ ಬೇಡವಾ.