ದೊಡ್ಡ ಬೋನ್ ಡಿಫೆಕ್ಟ್‌ಗೆ ಸ್ಕ್ಯಾಫೋಲ್ಡ್ ಪ್ರಾಜೆಕ್ಟಾ? ರಕ್ತನಾಳದ ಲೆಕ್ಕ ಮೊದ್ಲು ಹಾಕಿ

ಸ್ಕ್ಯಾಫೋಲ್ಡ್ ಅಂದ್ರೆ ಮೂಳೆ ಹೋದ ಜಾಗದಲ್ಲಿ ಇಡೋ, ಸೆಲ್ ಬೆಳೆಯೋಕೆ ಆಸರೆಯಾಗೋ ತೂತುತೂತಿನ ಚೌಕಟ್ಟು. ಟಿಶ್ಯೂ ಎಂಜಿನಿಯರಿಂಗ್ ಪ್ರಾಜೆಕ್ಟ್ ತಗೊಂಡೋರು ಬಹಳ ಜನ ಮೊದ್ಲು ಮಟೀರಿಯಲ್ ಆರಿಸ್ಕೊಂಡು ಆಮೇಲೆ ಅದಕ್ಕೊಂದು ಮೂಳೆ ಹುಡುಕ್ತಾರೆ, ಇದು ಉಲ್ಟಾ. ಯಾವ ಗ್ಯಾಪ್ ತುಂಬ್ಬೇಕು ಅಂತ ಮೊದ್ಲು ಬರ್ಕೊಳ್ಳಿ. ಟಿಬಿಯಾದಲ್ಲಿ (ಮೊಣಕಾಲ ಕೆಳಗಿನ ದೊಡ್ಡ ಮೂಳೆ) ಸುಮಾರು 2 ಸೆಂ.ಮೀ.ಗಿಂತ ಜಾಸ್ತಿ ಉದ್ದ ಹೋಗಿ, ಸುತ್ತಳತೆಲೂ ಅರ್ಧಕ್ಕಿಂತ ಹೆಚ್ಚು ಹೋಗಿದ್ರೆ ಅದು ತಾನಾಗೇ ಕೂಡ್ಕೊಳ್ಳಲ್ಲ ಅಂತಲೇ ಲೆಕ್ಕ. ಇಲಿ ತಲೆಬುರುಡೆಲಿ 8 ಮಿ.ಮೀ. ತೂತು ಕೊರೆಯೋ ಮಾಡೆಲ್ ಸುಲಭ, ಆದ್ರೆ ಅಲ್ಲಿ ಭಾರ ಬೀಳಲ್ಲ, ಸೋ ಅದನ್ನ ತೋರಿಸಿ ಕಾಲಿನ ಮೂಳೆ ಬಗ್ಗೆ ಮಾತಾಡೋಕಾಗಲ್ಲ.

ಆಮೇಲೆ ರಕ್ತ. ಕ್ಯಾಪಿಲರಿಯಿಂದ (ಅತಿ ಸಣ್ಣ ರಕ್ತನಾಳ) 100–200 ಮೈಕ್ರಾನ್ ಒಳಗಿದ್ರೆ ಮಾತ್ರ ಸೆಲ್‌ಗೆ ಸಾಕಷ್ಟು ಆಕ್ಸಿಜನ್ ಸಿಗೋದು, ನಿಮ್ಮ 3 ಸೆಂ.ಮೀ. ಸ್ಕ್ಯಾಫೋಲ್ಡ್ ಮಧ್ಯದಲ್ಲಿ ಕೂತಿರೋವು ರಕ್ತನಾಳ ಬರೋ ಹೊತ್ತಿಗೆ ಬಹುಪಾಲು ಸತ್ತಿರುತ್ವೆ. ಡಿಶ್‌ನಲ್ಲಿ ಚೆನ್ನಾಗಿ ಬಂದಿದ್ದು ದೇಹದಲ್ಲಿ ಕೈಕೊಡೋದು ಹೆಚ್ಚಾಗಿ ಇಲ್ಲೇ. ಫ್ರಾನ್ಸಿನ ಸರ್ಜನ್ ಮಾಸ್ಕ್ಲೆ 1980ರ ದಶಕದಲ್ಲಿ ಶುರು ಮಾಡಿದ ವಿಧಾನ ನೋಡಿ: ಗ್ಯಾಪ್‌ಗೆ ಮೊದ್ಲು ಬೋನ್ ಸಿಮೆಂಟ್ ಇಡ್ತಾರೆ, 6–8 ವಾರದಲ್ಲಿ ದೇಹ ಅದರ ಸುತ್ತ ರಕ್ತನಾಳ ಇರೋ ಪೊರೆ ಕಟ್ಟುತ್ತೆ, ವಿಇಜಿಎಫ್ (ರಕ್ತನಾಳ ಬೆಳೆಸೋದು), ಬಿಎಂಪಿ-2 (ಮೂಳೆ ಬೆಳೆಸೋದು) ಥರದ ಗ್ರೋತ್ ಫ್ಯಾಕ್ಟರ್‌ಗಳೂ ಆ ಪೊರೆಯಿಂದ್ಲೇ ಬರ್ತವೆ, ಆಮೇಲೆ ಸಿಮೆಂಟ್ ತೆಗೆದು ಸೊಂಟದ ಮೂಳೆ ಚೂರು ತುಂಬಿ ಹೊಲೀತಾರೆ. ನಿಮ್ಮ ಸ್ಕ್ಯಾಫೋಲ್ಡನ್ನೂ ಆ ಪೊರೆಯೊಳಗೇ ಇಡೋ ಹಾಗೆ ಪ್ಲಾನ್ ಮಾಡಬಹುದು, ನನ್ನ ಕೇಳಿದ್ರೆ ಅದೇ ಬೆಸ್ಟು.

ಮಟೀರಿಯಲ್‌ಗೆ ನನ್ ವೋಟು ಪಿಸಿಎಲ್ (ಪಾಲಿಕ್ಯಾಪ್ರೊಲ್ಯಾಕ್ಟೋನ್ ಅನ್ನೋ ಪ್ಲಾಸ್ಟಿಕ್) ಜೊತೆ ಬೀಟಾ-ಟಿಸಿಪಿ (ಒಂದು ಥರದ ಕ್ಯಾಲ್ಸಿಯಮ್ ಫಾಸ್ಫೇಟ್). ಪಿಸಿಎಲ್ 60 ಡಿಗ್ರಿ ಆಸುಪಾಸಲ್ಲೇ ಕರಗುತ್ತೆ, ಪ್ರಿಂಟ್ ಮಾಡೋದು ಸಲೀಸು, ದೇಹದಲ್ಲಿ ಕರಗಿ ಹೋಗೋಕೆ ಮಾತ್ರ 2–3 ವರ್ಷ ಬೇಕು. ತೂತುಗಳು 300 ಮೈಕ್ರಾನ್‌ಗಿಂತ ದೊಡ್ಡದಿರ್ಲಿ, ಒಂದಕ್ಕೊಂದು ಕೂಡಿರ್ಲಿ. ಭಾರ ಹೊರೋಕೆ ಮೂಳೆಗೆ ಸ್ಕ್ರೂ ಹಾಕಿ ಕೂರಿಸೋ ಲೋಹದ ಪ್ಲೇಟ್ ಇದೆ, ಸ್ಟ್ರೆಂತ್ ಹಿಂದೆ ಬಿದ್ದು ತೂತು ಚಿಕ್ಕದು ಮಾಡ್ಬೇಡಿ.

ಸೆಲ್ ಹಾಕುವಾಗ ಸಸ್ಪೆನ್ಷನ್ (ಸೆಲ್ ತೇಲ್ತಿರೋ ದ್ರವ) ಕಮ್ಮಿ ವಾಲ್ಯೂಮಲ್ಲಿ ಇರ್ಲಿ, ಅಂಟ್ಕೊಳ್ಳೋಕೆ ಒಂದೆರಡು ಗಂಟೆ ಬಿಟ್ಟು ಆಮೇಲೆ ಮೀಡಿಯಾ (ಸೆಲ್ ಬೆಳೆಸೋ ದ್ರವ) ತುಂಬಿ. ಡೆಕ್ಸಾಮೆಥಾಸೋನ್, ಆಸ್ಕಾರ್ಬಿಕ್ ಆಸಿಡ್, ಬೀಟಾ-ಗ್ಲಿಸರೋಫಾಸ್ಫೇಟ್ ಹಾಕಿದ, ಸೆಲ್ಲನ್ನ ಮೂಳೆ ಕಡೆ ತಿರುಗಿಸೋ ಮೀಡಿಯಾದಲ್ಲಿ 21 ದಿನ ಇಡಿ. ಕೊನೆಗೆ ಅಲಿಝರಿನ್ ರೆಡ್ ಸ್ಟೇನ್ ಮಾಡಿ ಕೆಂಪಾಯ್ತು ಅಂತ ಖುಷಿ ಪಡೋಕೆ ಮುಂಚೆ ಒಂದ್ನಿಮಿಷ, ಅದು ಹಿಡಿಯೋದು ಕ್ಯಾಲ್ಸಿಯಮ್, ಟಿಸಿಪಿಲೂ ಇರೋದು ಅದೇ ಕ್ಯಾಲ್ಸಿಯಮ್ಮು! ಸೆಲ್ ಇಲ್ಲದ ಖಾಲಿ ಸ್ಕ್ಯಾಫೋಲ್ಡನ್ನೂ ಅದೇ ಮೀಡಿಯಾದಲ್ಲಿ ಅಷ್ಟೇ ದಿನ ಇಟ್ಟು ಪಕ್ಕದಲ್ಲಿ ಸ್ಟೇನ್ ಮಾಡ್ಲೇಬೇಕು.

ಬಿಎಂಪಿ-2 ಸುರಿದ್ರೆ ಕೆಲಸ ಆಯ್ತಲ್ಲ ಅಂತೀರಾ? ಕತ್ತಿನ ಬೆನ್ನುಮೂಳೆಗೆ ಬಳಸಿದಾಗ ಊತ ಬಂದು ಉಸಿರಾಟಕ್ಕೇ ತೊಂದ್ರೆ ಆದ ಕೇಸ್‌ಗಳಿಂದಾಗಿ 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತ್ತು, ಡೋಸ್ ಕಮ್ಮಿ ಇರ್ಲಿ, ನಿಧಾನಕ್ಕೆ ಬಿಡೋ ಹಾಗಿರ್ಲಿ.

ಇಲಿ ಕೆಲಸ ಇದ್ರೆ ಎಥಿಕ್ಸ್ ಕಮಿಟಿ ಅರ್ಜಿ ಮೊದಲ ತಿಂಗಳಲ್ಲೇ ಹಾಕಿ. ಮೈಕ್ರೋ-ಸಿಟಿ ಸ್ಕ್ಯಾನಲ್ಲೂ (ಸಣ್ಣ ಸ್ಯಾಂಪಲ್ಲಿನ 3ಡಿ ಎಕ್ಸ್-ರೇ) ಟಿಸಿಪಿ ಮೂಳೆ ಥರಾನೇ ಬೆಳ್ಳಗೆ ಕಾಣುತ್ತೆ, ಹಿಸ್ಟಾಲಜಿಗೂ (ತೆಳುವಾಗಿ ಕೊಯ್ದು ಮೈಕ್ರೋಸ್ಕೋಪಲ್ಲಿ ನೋಡೋಕೆ) ಸ್ಯಾಂಪಲ್ ಎತ್ತಿಟ್ಕೊಳ್ಳಿ.