ಇಎಲ್34 ಹಾಕೋಣ ಅಂತ ಹೊರಟು 6ಎಲ್6ನಲ್ಲೇ ಉಳಿದೆ

ನನ್ನ ಹತ್ತಿರ ಇರೋದು ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಹಾಕಿರೋ ಒಂದು ಪುಷ್-ಪುಲ್ ಆಂಪ್ಲಿಫೈಯರ್, ಅಂದ್ರೆ ಎರಡು ಔಟ್‌ಪುಟ್ ವಾಲ್ವ್ ಜೋಡಿಯಾಗಿ ಕೆಲಸ ಮಾಡೋದು. ಔಟ್‌ಪುಟ್‌ಗೆ ಎರಡು 6ಎಲ್6ಜಿಸಿ (6ಎಲ್6ನ ಒಂದು ಬಗೆ), ಅದಕ್ಕೂ ಮುಂಚೆ ಸಣ್ಣ ಸಿಗ್ನಲ್ ಹಿಗ್ಗಿಸೋ ಮೂರು 12ಎಎಕ್ಸ್7, ಎಸಿಯನ್ನು ಡಿಸಿ ಮಾಡೋ ರೆಕ್ಟಿಫೈಯರ್ ಜಿಝಡ್34. ಚೆನ್ನಾಗೇ ಹಾಡುತ್ತಿತ್ತು. ಆದರೂ ಇಎಲ್34 ಅನ್ನೋ ಇನ್ನೊಂದು ಔಟ್‌ಪುಟ್ ವಾಲ್ವಿನ ದನಿ ಹೇಗಿರುತ್ತೆ ನೋಡಬೇಕು ಅಂತ ತಲೆಗೆ ಹೊಕ್ಕಿತು. ಎರಡೂ ಎಂಟು ಪಿನ್ನಿನ ಆಕ್ಟಲ್ ಸಾಕೆಟ್, ಕಿತ್ತು ಇದನ್ನು ಚುಚ್ಚಿದರಾಯ್ತು ಅಂದುಕೊಂಡು ಒಂದು ಜೋಡಿ ತಂದೂ ಬಿಟ್ಟೆ.

ಡೇಟಾಶೀಟ್ ನೋಡಿದ್ದು ಆಮೇಲೆ. 6ಎಲ್6ಜಿಸಿ ಹೀಟರ್ (ವಾಲ್ವನ್ನು ಒಳಗಿನಿಂದ ಬಿಸಿ ಮಾಡೋ ತಂತಿ) 0.9 ಆಂಪ್ ಎಳೆಯುತ್ತೆ, ಇಎಲ್34 1.5 ಆಂಪ್. ಎರಡು ಇಎಲ್34ಕ್ಕೆ 3 ಆಂಪ್, ಮೂರು 12ಎಎಕ್ಸ್7ಗೆ ತಲಾ 0.3, ಒಟ್ಟು 3.9 ಆಯ್ತು. ನನ್ನ ಟ್ರಾನ್ಸ್‌ಫಾರ್ಮರಿನ ಹೀಟರ್ ಕರೆಂಟಿನ 6.3 ವೋಲ್ಟ್ ಸುತ್ತು (ವೈಂಡಿಂಗ್) ಕೊಡೋದೇ 3 ಆಂಪ್. ಹಾಕಿದ್ದರೆ ಮೊದಲ ದಿನ ಏನೂ ಗೊತ್ತಾಗುತ್ತಿರಲಿಲ್ಲ. ಟ್ರಾನ್ಸ್‌ಫಾರ್ಮರ್ ಸುಮ್ನೆ ಬಿಸಿಯಾಗುತ್ತಾ ಹೋಗಿ, ಒಂದು ದಿನ ವಾಸನೆ ಬಂದಾಗಲೇ ತಿಳಿಯುತ್ತಿತ್ತು.

ಇನ್ನೊಂದು ವಿಷಯ ತಳದ ಮುಚ್ಚಳ ತೆಗೆದಾಗ ಕಂಡಿತು. 6ಎಲ್6ಗೆ ಒಂದನೇ ಪಿನ್ ಬೇಕಿಲ್ಲ. ಇಎಲ್34ನಲ್ಲಿ ಅದೇ ಸಪ್ರೆಸರ್ ಗ್ರಿಡ್ (ಎಲೆಕ್ಟ್ರಾನ್ ಬಂದು ಸೇರೋ ಪ್ಲೇಟಿನಿಂದ ಚಿಮ್ಮಿದವನ್ನು ವಾಪಸ್ ತಳ್ಳೋ ಜಾಲರಿ), ಅದನ್ನು ಎಂಟನೇ ಪಿನ್ನಿನ ಕ್ಯಾಥೋಡಿಗೆ (ಎಲೆಕ್ಟ್ರಾನ್ ಹೊರಡೋ ಭಾಗ) ಸೇರಿಸಬೇಕು. ನನ್ನ ಆಂಪ್ ಕಟ್ಟಿದವರು, ಹೇಗೂ ಖಾಲಿ ಪಿನ್ ಇದೆಯಲ್ಲ ಅಂತ, ಸಿಗ್ನಲ್ ಬರೋ ಕಂಟ್ರೋಲ್ ಗ್ರಿಡ್‌ಗೆ ಹೋಗೋ ರೆಸಿಸ್ಟರಿನ ಒಂದು ತುದಿಯನ್ನು ಅಲ್ಲೇ ಬೆಸುಗೆ ಹಾಕಿದ್ದರು. ತಪ್ಪೇನಲ್ಲ, ಬಹಳ ಜನ ಹಾಗೇ ಮಾಡ್ತಾರೆ. ಆದರೆ ಆ ಸಾಕೆಟ್ಟಿಗೆ ಇಎಲ್34 ಹಾಕಿದರೆ ಕಥೆ ಬೇರೆ, ಸಪ್ರೆಸರ್ ಗ್ರಿಡ್ ಕ್ಯಾಥೋಡಿನ ಬದಲು ಆ ರೆಸಿಸ್ಟರಿಗೆ ಸೇರಿಬಿಡುತ್ತೆ.

ಸರಿ, ಹೊಸ 6ಎಲ್6ಜಿಸಿನೇ ಹಾಕೋಣ ಅಂತ ಅದರದ್ದೂ ಒಂದು ಜೋಡಿ ತಂದೆ. ಅದೇ ನಂಬರ್ ಅಲ್ವಾ, ಬಯಾಸ್ (ಹಾಡಿಲ್ಲದಾಗ ವಾಲ್ವ್ ಎಷ್ಟು ಕರೆಂಟ್ ಎಳೆಯಬೇಕು ಅನ್ನೋ ಹೊಂದಾಣಿಕೆ) ಯಾಕೆ ಮುಟ್ಟಬೇಕು ಅಂತ ಹಾಗೇ ಆನ್ ಮಾಡಿದೆ. ಹತ್ತು ನಿಮಿಷದಲ್ಲಿ ಒಂದರ ಪ್ಲೇಟ್ ಕೆಂಪಗಾಯಿತು. ಒಂದೇ ನಂಬರಿನ ವಾಲ್ವ್‌ಗಳೂ ಒಂದೇ ಕರೆಂಟ್ ಎಳೆಯೋದಿಲ್ಲ. ಈಗ ನಾನು ಎರಡೂ ಕ್ಯಾಥೋಡಿಗೆ 1 ಓಮ್ ರೆಸಿಸ್ಟರ್ ಹಾಕಿಟ್ಟಿದ್ದೇನೆ. ಅದರ ಮೇಲೆ ಎಷ್ಟು ಮಿಲಿವೋಲ್ಟ್ ತೋರಿಸುತ್ತೋ ಅಷ್ಟೇ ಮಿಲಿಆಂಪ್. ಲೆಕ್ಕ ಹೀಗೆ: ಈ ವಾಲ್ವಿನ ಪ್ಲೇಟ್ ತಡೆಯೋದು ಹೆಚ್ಚೆಂದರೆ 30 ವಾಟ್, ಅದರ ಶೇಕಡಾ 70 ಅಂದ್ರೆ 21 ವಾಟ್, ನನ್ನಲ್ಲಿ ಪ್ಲೇಟ್ ವೋಲ್ಟೇಜ್ 430, ಭಾಗಿಸಿದರೆ 49 ಮಿಲಿಆಂಪ್. ಇದು ಮೇಲಿನ ಮಿತಿ. ನಾನು 42ಕ್ಕೇ ನಿಲ್ಲಿಸಿದೆ, ದನಿಯಲ್ಲಿ ವ್ಯತ್ಯಾಸ ಕೇಳಿಸಲಿಲ್ಲ. ಒಂದು ಮಾತು: ಪವರ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು. ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ನೋಡದೆ ಒಳಗೆ ಕೈ ಹಾಕಬೇಡಿ.

ಸಣ್ಣ ವಾಲ್ವ್‌ಗಳಲ್ಲಿ ಆಟ ಆಡೋಕೆ ಜಾಗ ಜಾಸ್ತಿ. 12ಎಎಕ್ಸ್7 ಅಂದರೂ ಒಂದೇ, ಇಸಿಸಿ83 ಅಂದರೂ ಒಂದೇ, ಒಂದು ಅಮೆರಿಕದ ಹೆಸರು, ಇನ್ನೊಂದು ಯುರೋಪಿನದು. ಅದರ ಗೇನ್ (ಸಿಗ್ನಲನ್ನು ಹೆಚ್ಚೆಂದರೆ ಎಷ್ಟು ಪಟ್ಟು ಹಿಗ್ಗಿಸಬಲ್ಲದು ಅನ್ನೋದು) 100. ಮೊದಲ 12ಎಎಕ್ಸ್7 ಜಾಗಕ್ಕೆ 5751 ಅನ್ನೋ ವಾಲ್ವ್ ಹಾಕಿದೆ, ಗೇನ್ 70. ವಾಲ್ಯೂಮ್ ಗುಂಡಿಯನ್ನು ಸ್ವಲ್ಪ ಜಾಸ್ತಿ ತಿರುಗಿಸಬೇಕು ಅಷ್ಟೇ, ಗುಸುಗುಸು ಸದ್ದು ಕಡಿಮೆಯಾಯಿತು. ನನಗೆ ತುಂಬಾ ಹಿಡಿಸಿದ ಬದಲಾವಣೆ ಇದೇ. ಅದೇ ಜಾಗಕ್ಕೆ 12ಎಯು7 ಹಾಕಿದಾಗ ಹಾಡು ಸಪ್ಪೆ ಆಗಿಬಿಟ್ಟಿತು. ಪಿನ್ ಎಲ್ಲಾ ಒಂದೇ, ಆದರೆ ಗೇನ್ ಬರೀ 20ರ ಆಸುಪಾಸು. ಜೊತೆಗೆ ಅದು ಜಾಸ್ತಿ ಕರೆಂಟಲ್ಲಿ ಕೆಲಸ ಮಾಡೋ ವಾಲ್ವ್. 12ಎಎಕ್ಸ್7ಗೆ ಅಂತ ಲೆಕ್ಕ ಹಾಕಿದ 100 ಕಿಲೋಓಮ್ ಪ್ಲೇಟ್ ರೆಸಿಸ್ಟರ್ ಅದಕ್ಕೆ ಹೊಂದೋದಿಲ್ಲ.

ನಗಬೇಡಿ, 6ಡಿಜೆ8 ಅನ್ನೋ ಸಣ್ಣ ವಾಲ್ವ್ ಕೂಡ ಅಲ್ಲಿ ಚುಚ್ಚಿ ನೋಡಿದ್ದೆ. ಅದಕ್ಕೂ 12ಎಎಕ್ಸ್7 ಹಾಗೇ ಒಂಬತ್ತು ಪಿನ್, ಸಲೀಸಾಗಿ ಕೂತಿತು. ದೀಪವೇ ಹತ್ತಲಿಲ್ಲ. ಸತ್ತ ವಾಲ್ವ್ ಕೊಟ್ಟಿದ್ದಾರೆ ಅಂತ ಮಾರಿದವರನ್ನು ಬೈದುಕೊಂಡೆ. ಅದರ ಹೀಟರ್ ಇರೋದು 4 ಮತ್ತು 5ನೇ ಪಿನ್ ನಡುವೆ. ನನ್ನ ಸಾಕೆಟ್ಟಿನಲ್ಲಿ ಆ ಎರಡನ್ನೂ ಒಟ್ಟಿಗೆ ಕಟ್ಟಿ, 9ನೇ ಪಿನ್ನಿನಿಂದ 6.3 ವೋಲ್ಟ್ ಕೊಟ್ಟಿದೆ. ಹತ್ತೋದಾದರೂ ಹೇಗೆ? ಹತ್ತದೇ ಇದ್ದದ್ದೂ ಒಳ್ಳೆಯದೇ ಆಯ್ತು. ಅದರ ಪ್ಲೇಟ್ ವೋಲ್ಟೇಜ್ ಮಿತಿ ಬರೀ 130.

ರೆಕ್ಟಿಫೈಯರ್ ಮುಟ್ಟಲಿಲ್ಲ. 5ಯು4ಜಿಬಿ ಅನ್ನೋ ರೆಕ್ಟಿಫೈಯರ್ ಇದ್ದ ಕಡೆ ಜಿಝಡ್34 ಹಾಕಿದರೆ ವೋಲ್ಟೇಜ್ ಏರುತ್ತೆ, ಬಯಾಸ್ ಮತ್ತೆ ನೋಡಬೇಕು. ನನ್ನದು ಉಲ್ಟಾ, ಇರೋದೇ ಜಿಝಡ್34: ಜಿಝಡ್34 ಹೀಟರ್‌ಗೆ 1.9 ಆಂಪ್ ಸಾಕು, ಅದರ ಬದಲು 5ಯು4ಜಿಬಿ ಹಾಕಿದರೆ ಅದು ಕೇಳೋದು 3.

ಆ ಇಎಲ್34 ಜೋಡಿ ಇನ್ನೂ ಡಬ್ಬದಲ್ಲೇ ಇದೆ. ಅದಕ್ಕೆ ಅಂತ 5 ಆಂಪ್ ಹೀಟರ್ ಸುತ್ತಿರೋ ಟ್ರಾನ್ಸ್‌ಫಾರ್ಮರ್ ಹುಡುಕುತ್ತಿದ್ದೇನೆ.